ಬಾರದ ಚೆಂಡಿಗೆ ಹಾರಿದವರು

ಮನುಷ್ಯ ಕೈ ಎತ್ತುವ ಮೊದಲೇ ಅವನ ಮಿದುಳು ಕೈ ಎತ್ತಿರುತ್ತದೆ. ಎಷ್ಟು ಮೊದಲೆಂದರೆ, ಹೆಚ್ಚೆಂದರೆ ಅರ್ಧ ಸೆಕೆಂಡು. ಅಷ್ಟರಲ್ಲಿ ಏನು ಮಹಾ ಆದೀತು ಎನ್ನುವವರು ವಾಲಿಬಾಲ್ ಆಡಿದವರಲ್ಲ.

ಹಣೆಗೆ ಕಟ್ಟುವ ಮುನ್ಸೂಚಿ ಪಟ್ಟಿ ಬಂದ ಮೇಲೆ ಆ ಅರ್ಧ ಸೆಕೆಂಡು ಎಲ್ಲರ ಸೊತ್ತಾಯಿತು. ವಾಲಿಬಾಲಿನಲ್ಲಿ ಚೆಂಡನ್ನು ಬಲೆಯ ಮೇಲಕ್ಕೆ ಎತ್ತಿಕೊಡುವವಳು ಸೆಟರ್. ಚೆಂಡು ಎಡಗಡೆಯವಳಿಗೋ, ನಡುವಿನವಳಿಗೋ, ಬೆನ್ನ ಹಿಂದಿನವಳಿಗೋ ಎಂದು ನಿರ್ಧರಿಸುವವಳು ಅವಳೊಬ್ಬಳೇ. ಅವಳ ಮಿದುಳಲ್ಲಿ ನಿರ್ಧಾರ ಮೊಳೆಯುತ್ತಿದ್ದಂತೆ ಪಟ್ಟಿ ಅದನ್ನು ಓದುತ್ತದೆ. ಯಾರಿಗೆ ಚೆಂಡೋ ಅವಳ ಮಣಿಕಟ್ಟಿನ ಬಳೆ ಒಮ್ಮೆ ಮಿಡಿಯುತ್ತದೆ. ಸೆಟರಿನ ಬೆರಳು ಚೆಂಡಿಗೆ ತಾಕುವ ಮೊದಲೇ ಹೊಡೆಯುವವಳು ಓಟ ಶುರು ಮಾಡಿರುತ್ತಾಳೆ.

ಆಟದ ಅಂಗಳದಿಂದ ಅದು ಹೊರಗೂ ಹೋಯಿತು. ಆಪರೇಷನ್ ಕೋಣೆಯ ನರ್ಸುಗಳು, ಕ್ರೇನ್ ನಡೆಸುವವರು, ಮದುವೆಯ ಪಂಕ್ತಿಯಲ್ಲಿ ಬಡಿಸುವವರು ಕೂಡ ಕಟ್ಟಿಕೊಳ್ಳತೊಡಗಿದರು. ಬಳೆ ಮಿಡಿಯದೆ ಇಬ್ಬರು ಕೂಡಿ ಒಂದು ಮಂಚ ಎತ್ತುವುದೂ ಜನಕ್ಕೆ ಕಷ್ಟವಾಗತೊಡಗಿತ್ತು.

ರಾಜ್ಯ ಮಹಿಳಾ ಲೀಗಿನಲ್ಲಿ ಗದಗ ಬಿರುಗಾಳಿ ತಂಡ ಮೂರು ವರ್ಷಗಳಿಂದ ಕೊನೆಯ ಸ್ಥಾನದಲ್ಲಿತ್ತು. ಊರಿನವರು ಅದನ್ನು ಬಿರುಗಾಳಿ ಅನ್ನುವುದನ್ನೇ ಬಿಟ್ಟು ಬೀಸಣಿಕೆ ಎಂದು ಕರೆಯುತ್ತಿದ್ದರು. ತಂಡದ ಮಾಲೀಕ ಬಸಲಿಂಗಪ್ಪ ಹೊಸಂಗಡಿ, ಗುಡ್ಡದ ಮೇಲಿನ ಗಾಳಿಯಂತ್ರಗಳ ರಿಪೇರಿ ಕಂಪನಿಯವರು, ಆ ವರ್ಷ ಎಲ್ಲರನ್ನೂ ಕೂಡಿಸಿ ಹೇಳಿಬಿಟ್ಟಿದ್ದರು: "ಮತ್ತ ಕೊನೀಗೆ ಬಂದ್ರ ತಂಡಾನ ಕರಾವಳಿಯವರಿಗೆ ಮಾರೂದು. ಅವರು ಕೇಳಾಕತ್ತಾರ. ನನ್ನ ಬೈಬ್ಯಾಡ್ರಿ."

ಆ ತಂಡದ ಪಟ್ಟಿ, ಬಳೆಗಳನ್ನು ನೋಡಿಕೊಳ್ಳುವವಳು ಶಕುಂತಲಾ ಬಿಂಕದಕಟ್ಟಿ. ಹಗಲು ಮೊಬೈಲ್ ಅಂಗಡಿಯಲ್ಲಿ ಬೆಸುಗೆ ಹಾಕುತ್ತ, ಸಂಜೆ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವಳು. ಮನೆಗೆ ಬೀಗ ಹಾಕಿ ಓಣಿಯ ತಿರುವಿನವರೆಗೆ ಹೋಗಿ, ತಿರುಗಿ ಬಂದು ಎಳೆದು ನೋಡುವ ಜಾತಿ. ಯಂತ್ರ ತಪ್ಪು ತೋರಿಸಿದರೆ ಬೇರೆಯವರು ಯಂತ್ರವನ್ನು ಬೈಯುತ್ತಿದ್ದರು. ಶಕುಂತಲಾ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಕೊನೆಗೆ ಬಂದ ತಂಡಕ್ಕೆ ಒಂದೇ ಒಂದು ಸಮಾಧಾನವಿರುತ್ತದೆ. ಮುಂದಿನ ಋತುವಿಗೆ ಹೊಸ ಆಟಗಾರ್ತಿಯರ ಆಯ್ಕೆಯಲ್ಲಿ ಮೊದಲ ಹೆಸರು ಕೂಗುವ ಹಕ್ಕು ಅದರದು. ಬಿರುಗಾಳಿಗೆ ಬೇಕಾಗಿದ್ದವಳು ಒಬ್ಬ ಸೆಟರ್. ಯಾರನ್ನು ಕೂಗಬೇಕೆಂಬುದು ಆಗಲೇ ಎಲ್ಲರಿಗೂ ಗೊತ್ತಿತ್ತು. ಬೆಳಗಾವಿಯ ಕಾಲೇಜು ಹುಡುಗಿಯೊಬ್ಬಳ ಮುನ್ಸೂಚಿ ಅಂಕ ನೂರಕ್ಕೆ ತೊಂಬತ್ನಾಲ್ಕು. ಅವಳ ನಿರ್ಧಾರ ಅಷ್ಟು ಬೇಗ, ಅಷ್ಟು ಸ್ವಚ್ಛವಾಗಿ ಮೂಡುತ್ತಿತ್ತು. ಲೀಗಿನಲ್ಲಿ ಅವಳನ್ನು ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ, ತೊಂಬತ್ನಾಲ್ಕರಾಕಿ ಅನ್ನುತ್ತಿದ್ದರು.

ಆಯ್ಕೆಗೆ ಮೊದಲು ತಾಲೂಕುಗಳಲ್ಲಿ ಹೆಸರಿಗೊಂದು ಅಳತೆ ಶಿಬಿರ ನಡೆಯುವುದು ವಾಡಿಕೆ. ಮುಂಡರಗಿಯ ಶಿಬಿರಕ್ಕೆ ಶಕುಂತಲಾ ಒಂದೇ ಒಂದು ಹಣೆಪಟ್ಟಿ ಹಿಡಿದು ಹೋದಳು. ಹೊಡೆಯುವ ಹುಡುಗಿಯರಿಗೆ ಬಳೆಗಳಿರಲಿಲ್ಲ. ಅಲ್ಲಿಗೆ ಬಂದಿದ್ದವಳು ಮಾಬೂಬಿ ನದಾಫ, ಹತ್ತೊಂಬತ್ತರ ಹುಡುಗಿ. ಅಂಗೈ ತುಂಬ ಕಲ್ಲಂಗಡಿಯ ಮಣ್ಣು.

ಆಟ ಮುಗಿಸಿ ಅವಳು ಕುತೂಹಲದಿಂದ ಬಂದು ನಿಂತಳು. "ಅಕ್ಕಾರ, ನಂದು ಎಷ್ಟ ಬಂತ್ರಿ?"

"ಒಂಬತ್ತು."

"ಹತ್ತಕ್ಕ?" ಹುಡುಗಿಯ ಮುಖ ಅರಳಿತು.

"ನೂರಕ್ಕ ಬೇ."

"ಹೋಗ್ಲಿ ಬಿಡ್ರಿ. ಗಣಿತದಾಗೂ ಅಷ್ಟ ಬಂದಿತ್ತು."

ಹುಡುಗಿ ನಕ್ಕು ಹೋಗಿಬಿಟ್ಟಳು. ಶಕುಂತಲಾಗೆ ನಗು ಬರಲಿಲ್ಲ. ಪರದೆಯ ಮೇಲೆ ಒಂಬತ್ತಿತ್ತು, ಆದರೆ ಅಂಗಳದಲ್ಲಿ ಅವಳು ಕಂಡದ್ದು ಬೇರೆ. ಮಾಬೂಬಿ ಎತ್ತಿಕೊಟ್ಟ ಪ್ರತಿ ಚೆಂಡಿಗೂ ಎದುರಿನ ತಡೆಗಾರ್ತಿಯರು ತಪ್ಪು ಜಾಗದಲ್ಲಿ ನಿಂತಿದ್ದರು. ಮಂದಬುದ್ಧಿಯ ಸೆಟರಿಗೆ ಅದು ಸಾಧ್ಯವೇ? ತಾನೇ ಎಲ್ಲೋ ಎಡವಿರಬೇಕೆಂದುಕೊಂಡಳು. ಹುಡುಗಿಯನ್ನು ತಿರುಗಿ ಕರೆಸಿ, ಪಟ್ಟಿಯ ಸಂವೇದಕಗಳನ್ನು ಬದಲಿಸಿ, ಹಣೆಯನ್ನು ಸ್ಪಿರಿಟ್ಟಿನಿಂದ ಒರೆಸಿ ಮತ್ತೆ ಅಳೆದಳು. ಒಂಬತ್ತು. ಪಟ್ಟಿಯನ್ನು ತನ್ನ ಹಣೆಗೇ ಕಟ್ಟಿ ನೋಡಿದಳು, ಸರಿಯಿತ್ತು. ಮತ್ತೊಮ್ಮೆ ಅಳೆದಾಗ ಎಂಟು ಬಂತು.

"ಅಕ್ಕಾರ, ಬಿಡ್ರಿ ಇನ್ನ. ಅಳದಷ್ಟೂ ಕಡಿಮಿ ಆಗಾಕತ್ತೈತಿ," ಎಂದಳು ಮಾಬೂಬಿ.

ಮರುದಿನ ಶಕುಂತಲಾ ಅವಳು ಕೆಲಸ ಮಾಡುವ ಹೊಲಕ್ಕೇ ಹೋದಳು. ತುಂಗಭದ್ರೆಯ ದಂಡೆಯಲ್ಲಿ ಕಲ್ಲಂಗಡಿಯ ಕೊಯ್ಲು. ಹೊಲದಿಂದ ಲಾರಿಗಳವರೆಗೆ ಜನ ಸಾಲುಗಟ್ಟಿ ನಿಂತು, ಕೈಯಿಂದ ಕೈಗೆ ಹಣ್ಣು ಎಸೆಯುತ್ತಿದ್ದರು. ಒಂದು ಸಾಲು ಬಂದು ಮೂರಾಗಿ ಒಡೆಯುವ ಜಾಗದಲ್ಲಿ ಮಾಬೂಬಿ ನಿಂತಿದ್ದಳು. ಅವಳಿಗೆ ಬಂದ ಹಣ್ಣು ಒಮ್ಮೆ ಬಲಗಡೆಯ ಲಾರಿಗೆ, ಒಮ್ಮೆ ಎಡಕ್ಕೆ, ಒಮ್ಮೆ ಬೆನ್ನ ಹಿಂದಕ್ಕೆ ಹೋಗುತ್ತಿತ್ತು. ಅವಳು ಹಣ್ಣಿನ ಕಡೆ ನೋಡುತ್ತಲೇ ಇರಲಿಲ್ಲ.

"ಯಾರಿಗೆ ಒಗೀಬೇಕು ಅಂತ ಹೆಂಗ ಗೊತ್ತಾಗತೈತಿ ನಿನಗ?"

"ನಾ ಎಲ್ಲಿ ಗೊತ್ತ ಮಾಡ್ತೀನ್ರಿ? ಯಾರ ಕಾಲು ತಯಾರ್ ಅದಾವೋ ಅವರಿಗೆ ಒಗೀತೀನಿ. ಕೈ ನೋಡಬಾರದ್ರಿ, ಕೈ ಸುಳ್ಳ ಹೇಳತಾವ. ಕಾಲು ಹೇಳಂಗಿಲ್ಲ."

"ಹಿಂದಿನವರ ಕಾಲು?"

"ಅವು ಕೇಳಸತಾವಲ್ರಿ."

ಅಷ್ಟರಲ್ಲಿ ಸಾಲಿನ ತುದಿಯಲ್ಲಿ ಒಂದು ಹಣ್ಣು ಬಿದ್ದು ಒಡೆಯಿತು. "ಅದು ನನ್ನ ಒಗತ ಅಲ್ರಿ ಮತ್ತ," ಮಾಬೂಬಿ ಗಡಬಡಿಸಿದಳು. "ಒಡದದ್ದನ್ನ ಎಲ್ಲಾರೂ ಕೂಡಿ ತಿನ್ನೂದು ಪದ್ಧತಿ. ಹಂಗಾಗಿ ಬಿಸಲ ಏರಿತಂದ್ರ ಹುಡುಗ್ರು ಬೇಕಂತ ಒಡೀತಾರ."

ಕೈಗಿತ್ತ ಹೋಳನ್ನು ತಿನ್ನುತ್ತ ಶಕುಂತಲಾ ಯೋಚಿಸಿದಳು. ಪಟ್ಟಿ ಹುಡುಕುವುದು ಸೆಟರಿನ ಮಿದುಳಲ್ಲಿ ಬೇಗ ಮೊಳೆಯುವ ನಿರ್ಧಾರವನ್ನು. ಈ ಹುಡುಗಿಯ ನಿರ್ಧಾರ ಬೇಗ ಮೊಳೆಯುವುದೇ ಇಲ್ಲ. ಕಟ್ಟಕಡೆಯ ಕ್ಷಣದವರೆಗೆ ಅದು ತೆಗೆದುಕೊಳ್ಳುವವರ ಕಾಲಿನಲ್ಲಿರುತ್ತದೆ. ಹಾಗಾದರೆ ಅವಳು ಏನು ಮಾಡುವಳೆಂದು ಎದುರಿನವರಿಗೂ ತಿಳಿಯುವುದಿಲ್ಲ. ದೊಡ್ಡ ತಂಡಗಳು ಗೆಲ್ಲುತ್ತಿದ್ದದ್ದು ಕ್ಯಾಮೆರಾಗಳಿಂದ. ಬಳೆ ಮಿಡಿದವಳ ಓಟವೇ ಬೇರೆ. ಕ್ಯಾಮೆರಾ ಅದನ್ನು ಹಿಡಿದು ತಡೆಗಾರ್ತಿಯರಿಗೆ ತಿಳಿಸುತ್ತಿತ್ತು. ಯಾರಿಗೂ ಗೊತ್ತಿಲ್ಲದ ನಿರ್ಧಾರವನ್ನು ಯಾವ ಕ್ಯಾಮೆರಾ ಹಿಡಿದೀತು?

ಗದಗಿಗೆ ಬಂದು ತರಬೇತುದಾರ ಫಕೀರಪ್ಪ ಮಾಸ್ತರರಿಗೆ ಇದನ್ನೆಲ್ಲ ಹೇಳಿದಳು. ಮಾಸ್ತರರು ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೇಳಿದರು.

"ಖಾತ್ರಿ ಐತೇನು ನಿನಗ?"

"ಇಲ್ರೀ ಸರ್."

"ಇಷ್ಟ ವರ್ಷದಾಗ ಖಾತ್ರಿ ಐತಿ ಅಂದವರು ಎಲ್ಲಾರೂ ನನ್ನ ಮುಳಗಿಸ್ಯಾರ. ನೀ ಒಬ್ಬಾಕಿ ಇಲ್ಲ ಅಂದಿ. ನಡಿ, ಆ ಹುಡುಗೀನ ತರೂಣು."

ಹುಬ್ಬಳ್ಳಿಯ ಸಭಾಂಗಣದಲ್ಲಿ ಆಯ್ಕೆ. ಬಿರುಗಾಳಿಯ ಸರದಿಗೆ ಮಾಸ್ತರರು ಎದ್ದು ನಿಂತು, "ಮಾಬೂಬಿ ನದಾಫ, ಮುಂಡರಗಿ," ಎಂದರು. ಹಿಂದಿನ ದೊಡ್ಡ ಪರದೆಯ ಮೇಲೆ ಅವಳ ಚಿತ್ರ, ಪಕ್ಕದಲ್ಲಿ ಒಂಬತ್ತು ಎಂಬ ಅಂಕೆ. ಮೊದಲು ಯಾರೋ ಒಬ್ಬರು ನಕ್ಕರು. ಆಮೇಲೆ ಸಭಾಂಗಣವೇ ನಕ್ಕಿತು. ಬೆಳಗಾವಿಯವರು ತೊಂಬತ್ನಾಲ್ಕರಾಕಿಯನ್ನು ಹಬ್ಬದ ಹೋಳಿಗೆಯ ಹಾಗೆ ಬಾಚಿಕೊಂಡರು.

"ಮಾಸ್ತರ, ನಿಮಗ ಅರಳು ಮರಳಾತೇನು?" ಬಸಲಿಂಗಪ್ಪನವರು ಅಲ್ಲಿಯೇ ಕೂಗಾಡಿದರು. "ಯಾರ ಹೇಳಿದ್ರು ನಿಮಗ ಇದನ್ನ?"

ಮಾಸ್ತರರು ಬಾಯಿ ತೆರೆಯುವ ಮೊದಲೇ ಶಕುಂತಲಾ ಎದ್ದಳು. "ನಾನ್ರಿ."

"ಹಂಗಾರ ತಂಡ ಕರಾವಳಿಗೆ ಹೋದ್ರ ಊರಿಗೆ ನೀನ ಉತ್ತರ ಕೊಡು."

ಊರು ಅಷ್ಟು ಕಾಯಲಿಲ್ಲ. ಬೆಟಗೇರಿಯ ಅವರ ಓಣಿಯಲ್ಲಿ ನಲ್ಲಿಯ ಬಳಿ ಹೆಂಗಸರು ಕೊಡ ಇಟ್ಟು ಕಾಯುವಾಗ ಮಾತು ಶುರುವಾಗಿತ್ತು. ಶಕುಂತಲಾಳ ಅತ್ತೆ ತುಳಸವ್ವ, ಸೊಸೆಯ ಅಡುಗೆಯಿಂದ ನಡಿಗೆಯವರೆಗೆ ಎಲ್ಲದರಲ್ಲೂ ಹುಳುಕು ಹುಡುಕುವ ಮುದುಕಿ, ಅಂದು ನಲ್ಲಿಯಿಂದ ಬಂದವಳೇ ಕೊಡವನ್ನು ಕುಕ್ಕಿದಳು.

"ಆ ಪಾರವ್ವ ಅಂತಾಳ, ನಿಮ್ಮ ಸೊಸಿ ಬೀಸಣಕಿಗೆ ಹಿಡಿಕಿ ಇಲ್ಲದಂಗ ಮಾಡಿದ್ಲು ಅಂತ."

"ನೀವೇನಂದ್ರಿ ಅತ್ಯಾರ?"

"ನಾ ಏನಂದೆ? ನಮ್ಮ ಸೊಸಿ ಬಾಗಲಾ ಹಾಕಿದ್ರ ಮೂರ ಸಲ ಎಳದು ನೋಡ್ತಾಳ, ಹುಡುಗೀನ ನೋಡದ ತರ್ತಾಳೇನು ಅಂದೆ." ನಂತರ ದನಿ ತಗ್ಗಿಸಿ, "ನೋಡೀಯಲ್ಲ ಬೇ ಸರಿಯಾಗಿ?" ಎಂದಳು.

ಶಕುಂತಲಾ ಒಲೆಯ ಗ್ಯಾಸು ಆರಿದೆಯೇ ಎಂದು ನೋಡಲು ಹೋದಳು.

ಋತು ಶುರುವಾದಾಗ ಅವಳ ಭಯ ನಿಜವಾಯಿತು. ತಂಡದ ನಾಯಕಿ ಕಸ್ತೂರಿ ಲಮಾಣಿ, ಎಡಗಡೆಯಿಂದ ಗುಂಡಿನಂತೆ ಹೊಡೆಯುವವಳು, ಎಂಟು ವರ್ಷ ಬಳೆಯ ಮಿಡಿತಕ್ಕೇ ಓಡಿದವಳು. ಮಿಡಿಯದಿದ್ದರೆ ಅವಳ ಕಾಲು ಏಳುತ್ತಿರಲಿಲ್ಲ. ಉಳಿದವರದೂ ಅದೇ ಪಾಡು. ಮಾಬೂಬಿಯ ನಿರ್ಧಾರ ಬಳೆಗೆ ತಲುಪುವ ಹೊತ್ತಿಗೆ ಚೆಂಡು ಬಂದು ಹೋಗಿರುತ್ತಿತ್ತು. ಹುಡುಗಿಯ ಕಣ್ಣಿಗೆ ಕಂಡದ್ದು ಹೊಡೆಯುವ ನಾಲ್ವರ, ನಿಂತೇ ಇರುವ ನಾಲ್ಕು ಜೊತೆ ಕಾಲು. ಮೊದಲ ಎರಡು ಪಂದ್ಯ ಸೋತರು.

ಆಗ ಶಕುಂತಲಾ ತನ್ನ ಸ್ವಭಾವಕ್ಕೆ ತಕ್ಕ ತಪ್ಪೊಂದನ್ನು ಮಾಡಿದಳು. ಹುಡುಗಿಯ ಸಂಕೇತ ಸಣ್ಣದು, ಅದನ್ನು ಹಿಡಿಯಲಾಗದ್ದು ತನ್ನ ದೋಷ ಎಂದುಕೊಂಡು ಪಟ್ಟಿಯ ಸೂಕ್ಷ್ಮತೆಯನ್ನು ಏರಿಸಿದಳು. ಸಾಲದೆಂದು ಇನ್ನಷ್ಟು ಏರಿಸಿದಳು. ಪರದೆಯ ಮೇಲೆ ಅಂಕ ಅರವತ್ತಕ್ಕೆ ಹೋಯಿತು, ಬಳೆಗಳು ಸಮಯಕ್ಕೆ ಸರಿಯಾಗಿ ಮಿಡಿಯತೊಡಗಿದವು. ಅವಳು ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು.

ಮುಂದಿನ ಪಂದ್ಯಗಳಲ್ಲಿ ಸೋಲು ಇನ್ನೂ ಹೀನಾಯವಾಯಿತು. ಅಂಥ ಮೂರನೆಯ ಸೋಲಿನ ನಂತರ ಕಸ್ತೂರಿ ಬಳೆ ಕಿತ್ತು ಬೆಂಚಿನ ಮೇಲೆ ಒಗೆದಳು.

"ಬಳಿ ನನಗ ಅಂತೈತಿ, ಚೆಂಡು ಬಲಕ್ಕ ಅನ್ನಪೂರ್ಣಾಗ ಹೋಗತೈತಿ. ಈ ಹುಡುಗಿ ಮನಸಿನ್ಯಾಗ ಒಂದು, ಕೈಯಾಗ ಒಂದು!"

"ಯಕ್ಕಾ, ನಿನ್ನಾಣಿ, ನನ್ನ ಮನಸಿನ್ಯಾಗ ಏನೂ ಇರಂಗಿಲ್ಲ," ಮಾಬೂಬಿಯ ಕಣ್ಣು ತುಂಬಿದ್ದವು. "ಯಾರೋ ನನ್ನ ಹೆಸರಿಲೆ ಸುಳ್ಳ ಹೇಳಾಕತ್ತಾರ."

ಶಕುಂತಲಾ ಆ ಕೂಡಲೇ ತನ್ನ ಮೇಜಿಗೆ ಹೋದಳು. ಪರದೆಯ ಮುಂದೆ ಕೂತು ಮೂರೂ ಪಂದ್ಯಗಳ ದಾಖಲೆ ತೆಗೆದು ನೋಡಿದಳು. ಹುಡುಗಿ ಕಣ್ಣು ಮಿಟುಕಿಸಿದ್ದನ್ನು, ಹಲ್ಲು ಕಚ್ಚಿದ್ದನ್ನು, ಬೆವರು ಇಳಿದದ್ದನ್ನು ಪಟ್ಟಿ ನಿರ್ಧಾರವೆಂದು ಓದಿತ್ತು. ಇಲ್ಲದ ಸಂಕೇತವನ್ನು ಹುಡುಕು ಹುಡುಕು ಎಂದು ಯಂತ್ರವನ್ನು ಪೀಡಿಸಿದವಳು ತಾನು. ಅದು, ಪಾಪ, ಹುಟ್ಟಿಸಿಕೊಂಡು ಕೊಟ್ಟಿತ್ತು.

ಅವಳು ಅಂಗಳಕ್ಕೆ ಬಂದು ಎಲ್ಲರೆದುರೇ ಹೇಳಿದಳು. "ಸುಳ್ಳ ಹೇಳಿದ್ದು ನನ್ನ ಮಿಷನ್ನು. ಕಲಿಸಿದ್ದು ನಾನು. ಈ ಹುಡುಗಿದು ತಪ್ಪಿಲ್ಲ." ಅದೇ ಉಸಿರಿನಲ್ಲಿ ಅವಳು ಮುಂದಿನದನ್ನೂ ಹೇಳಿಬಿಟ್ಟಳು, ತಡೆದರೆ ಧೈರ್ಯ ಹೋದೀತೆಂದು. "ಪಟ್ಟೀನೂ ಬ್ಯಾಡ, ಬಳೀನೂ ಬ್ಯಾಡ. ಎಲ್ಲಾ ಬಿಚ್ಚಿಬಿಡೂಣ."

"ಬಿಚ್ಚಿ?" ಮಾಸ್ತರರು ಕೇಳಿದರು.

"ನಾಲ್ಕೂ ಮಂದಿ ಓಡಬೇಕ್ರಿ. ಪ್ರತಿ ಸಲ. ಚೆಂಡು ನನಗ ಬರತೈತಿ ಅಂತ ಖರೇನ ನಂಬಿ ಓಡಿ ಹಾರಬೇಕು. ಆಗ ಇಕಿಗೆ ಕಾಲು ಕಾಣತಾವ."

"ನಾಲ್ಕು ಮಂದಿ ಹಾರಿದ್ರ ಚೆಂಡು ಒಬ್ಬಾಕಿಗೆ," ಕಸ್ತೂರಿ ಎಂದಳು. "ಉಳದ ಮೂರು ಮಂದಿ?"

"ಸುಮ್ನ ಹಾರಿ ಇಳೀಬೇಕು."

"ನಾನು? ಕಸ್ತೂರಿ ಲಮಾಣಿ? ಸುಮ್ನ ಹಾರೂದು?"

"ನಿಯಮದಾಗ ಪಟ್ಟಿ ಕಟ್ಟಲೇಬೇಕು ಅಂತೇನಿಲ್ಲ," ಮಾಸ್ತರರು ತಮ್ಮಷ್ಟಕ್ಕೆ ಹೇಳಿಕೊಂಡರು. "ಇಲ್ಲದ ಆಡಬಹುದು ಅನ್ನೂದು ಯಾರಿಗೂ ಹೊಳದಿಲ್ಲ, ಅಷ್ಟ." ಆಮೇಲೆ ಸೀಟಿ ಊದಿದರು.

ಅಭ್ಯಾಸ ನೋಡಲಾಗದಂತಿತ್ತು. ಮೊದಮೊದಲು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿ, ಯಾರು ಮೊದಲು ಓಡುವರೆಂದು ಕಾಯುತ್ತಿದ್ದರು. ಓಡಿದವರು ಡಿಕ್ಕಿ ಹೊಡೆದುಕೊಂಡರು. ಅನ್ನಪೂರ್ಣಾ ಹಡಪದ, ಬಲಗಡೆಯ ಸಣ್ಣ ಹುಡುಗಿ, ಬಳೆಯಿಲ್ಲದ ಮಣಿಕಟ್ಟನ್ನು ಪದೇಪದೇ ಮುಟ್ಟಿಕೊಳ್ಳುತ್ತಿದ್ದಳು, ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋಗುವಂತೆ. ಆದರೆ ದೇಹಕ್ಕೆ ನಮಗಿಂತ ನೆನಪು ಹೆಚ್ಚು. ನಾಲ್ಕಾರು ವಾರಗಳಲ್ಲಿ ಕಾಲುಗಳು ತಾವಾಗಿ ಏಳತೊಡಗಿದವು. ಕಸ್ತೂರಿಯೊಬ್ಬಳು ಮಾತ್ರ ಅರೆಮನಸ್ಸಿನಿಂದ ಹಾರುತ್ತಿದ್ದಳು. ಅವಳಿಗೆ ಚೆಂಡು ಹೋಗುತ್ತಲೇ ಇರಲಿಲ್ಲ.

"ಯಾಕ ಬೇ, ನನಗ ಯಾಕ ಕೊಡಂಗಿಲ್ಲ?"

"ನಿನ್ನ ಕಾಲು ನನಗ ಬ್ಯಾಡ ಅನ್ನಾಕತ್ತಾವ ಯಕ್ಕಾ."

ಕಸ್ತೂರಿ ಸಿಟ್ಟಿನಿಂದ ಮುಂದಿನ ಸಲ ಆಕಾಶಕ್ಕೇ ಹಾರಿದಳು. ಚೆಂಡು ಅವಳ ಅಂಗೈಗೆ ಬಂದು ಕೂತಿತು. ಅವಳು ಹೊಡೆದ ಸದ್ದಿಗೆ ತಗಡಿನ ಮಾಡಿನ ಮೇಲಿನ ಪಾರಿವಾಳಗಳು ಎದ್ದವು. ಇಳಿದು ಮಾಬೂಬಿಯ ತಲೆಗೆ ಮೆಲ್ಲಗೆ ಒಂದು ಮೊಟಕಿದಳು.

ಋತುವಿನ ಎರಡನೆಯ ಅರ್ಧದಲ್ಲಿ ಅವರು ಗೆಲ್ಲತೊಡಗಿದರು, ಸೋಲುತ್ತಲೂ ಇದ್ದರು. ಕೊನೆಯ ಪಂದ್ಯದ ಹೊತ್ತಿಗೆ ಲೆಕ್ಕ ಸರಳವಾಗಿತ್ತು. ಗೆದ್ದರೆ ಕೊನೆಯ ಸ್ಥಾನ ತಪ್ಪಿ ತಂಡ ಗದಗಿನಲ್ಲಿ ಉಳಿಯುತ್ತದೆ. ಸೋತರೆ ಕರಾವಳಿ. ಎದುರಾಳಿ ಬೆಳಗಾವಿ, ಅವರ ಸೆಟರ್ ತೊಂಬತ್ನಾಲ್ಕರಾಕಿ.

ಪಂದ್ಯ ಗದಗಿನಲ್ಲೇ. ಮನೆಯಿಂದ ಹೊರಡುವಾಗ ತುಳಸವ್ವ ಹೊಸ ಇಳಕಲ್ಲ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. "ನಾನೂ ಬರತೀನಿ. ಸೋತ್ರ ಪಾರವ್ವನ ಮಾತು ಕೇಳಾಕ ಒಬ್ಬಾಕೀನ ಬಿಡಬಾರದು." ಬೀಗವನ್ನು ತಾನೇ ಹಾಕಿ, ತಾನೇ ಎಳೆದು ನೋಡಿದಳು.

ತಾಂತ್ರಿಕರ ಮೇಜಿನಲ್ಲಿ ಶಕುಂತಲಾಳ ಪರದೆ ಕಪ್ಪಾಗಿತ್ತು. ಪಕ್ಕದಲ್ಲಿ ಬೆಳಗಾವಿಯ ಮೂವರು ಎಂಜಿನಿಯರುಗಳು ಹನ್ನೆರಡು ಕ್ಯಾಮೆರಾಗಳ ಚಿತ್ರಗಳಲ್ಲಿ ಮುಳುಗಿದ್ದರು. ಅವರ ತೊಂಬತ್ನಾಲ್ಕರಾಕಿ ನಿಜಕ್ಕೂ ಚೆನ್ನಾಗಿ ಆಡಿದಳು. ಗಡಿಯಾರದ ಮುಳ್ಳಿನಂತೆ, ಎಲ್ಲೂ ತಪ್ಪದೆ. ಬಿರುಗಾಳಿ ಎರಡು ಸೆಟ್ ಗೆದ್ದಿತು, ಎರಡು ಸೋತಿತು. ಮಾಡಲು ಕೆಲಸವಿಲ್ಲದ ಶಕುಂತಲಾ ಪಟ್ಟಿ ಬಿಚ್ಚಿದಂದಿನಿಂದ ತನ್ನ ತಂಡದ ಆಟವನ್ನು ಬರಿಗಣ್ಣಿನಿಂದ ನೋಡುತ್ತಿದ್ದಳು. ಪ್ರತಿ ಚೆಂಡಿಗೂ ನಾಲ್ವರು ಏಳುತ್ತಿದ್ದರು. ಪ್ರತಿ ಸಲ ಮೂವರು ಬರಿಗೈಯಲ್ಲಿ ಇಳಿಯುತ್ತಿದ್ದರು. ಇಳಿದವರು ಮತ್ತೆ ಏಳುತ್ತಿದ್ದರು. ಯಾವ ಬಳೆಯೂ ಅವರಿಗೆ ಹಾಗೆ ಹೇಳಿರಲಿಲ್ಲ.

"ನಿಮ್ಮ ಹುಡುಗಿ ಏನ್ ಮಾಡ್ತಾಳೆ ಅಂತ ಗೊತ್ತೇ ಆಗ್ತಿಲ್ಲ ಮೇಡಂ," ಪಕ್ಕದ ಎಂಜಿನಿಯರ್ ತಲೆ ಕೆರೆದುಕೊಂಡ. "ನಾಲ್ಕು ಜನರೂ ನಿಜವಾಗಿ ಓಡ್ತಿದ್ದಾರೆ ಅಂತ ತೋರಿಸ್ತಿದೆ."

"ಖರೇನ ಓಡಾಕತ್ತಾರಲ್ರಿ," ಎಂದಳು ಶಕುಂತಲಾ.

ಕೊನೆಯ ಸೆಟ್. ಹದಿನಾಲ್ಕು–ಹದಿಮೂರು, ಬಿರುಗಾಳಿಗೆ ಒಂದು ಅಂಕ ಸಾಕು. ಬೆಳಗಾವಿಯ ಹೊಡೆತವನ್ನು ಹಿಂದಿನ ಸಾಲಿನವಳು ಬಿದ್ದು ಎತ್ತಿದಳು. ಚೆಂಡು ಮಾಬೂಬಿಯತ್ತ ತೇಲಿತು. ಎಡದಿಂದ ಕಸ್ತೂರಿ ಹೊರಟಳು. ಅಂಥ ಓಟವನ್ನು ಶಕುಂತಲಾ ಹಿಂದೆಂದೂ ಕಂಡಿರಲಿಲ್ಲ. ತೋಳು ಹಿಂದಕ್ಕೆ ಬೀಸಿ, ಕಣ್ಣರಳಿಸಿ, ಬಾಯಿ ತೆರೆದು "ಕೊಡ ಬೇ!" ಎಂದು ಕೂಗುತ್ತ ಕಸ್ತೂರಿ ಮೇಲಕ್ಕೆದ್ದಳು. ಎಂಜಿನಿಯರ್ ಮೈಕಿನಲ್ಲಿ "ಎಡಕ್ಕೆ, ಎಡಕ್ಕೆ" ಎಂದು ಚೀರಿದ. ಬೆಳಗಾವಿಯ ಮೂವರು ತಡೆಗಾರ್ತಿಯರೂ ಅವಳೆದುರು ಗೋಡೆಯಾಗಿ ಎದ್ದರು.

ಮಾಬೂಬಿಯ ಬೆರಳಿಗೆ ಚೆಂಡು ತಾಕಿತು. ಅವಳು ಅದನ್ನು ನೋಡದೆ ಬೆನ್ನ ಹಿಂದಕ್ಕೆ ಬಿಟ್ಟಳು. ಅಲ್ಲಿ ಅನ್ನಪೂರ್ಣಾ, ಎದುರಿಗೆ ಯಾರೂ ಇಲ್ಲದ ಖಾಲಿ ಬಲೆಯ ಮೇಲೆ, ಹಾರಿದ್ದಳು.

ಚೆಂಡು ನೆಲಕ್ಕೆ ಬಡಿದ ಸದ್ದು ಕೇಳಿಸಲಿಲ್ಲ. ಅದಕ್ಕೆ ಮೊದಲೇ ಊರು ಎದ್ದು ನಿಂತಿತ್ತು.

ಹುಡುಗಿಯರು ಅನ್ನಪೂರ್ಣಾಳ ಮೇಲೆ ರಾಶಿ ಬಿದ್ದರು. ಬಸಲಿಂಗಪ್ಪನವರು ತಲೆಯ ಪಟಗ ಬಿಚ್ಚಿ ಗಾಳಿಯಲ್ಲಿ ತಿರುಗಿಸುತ್ತ, ಯಾರೂ ಕೇಳದಿದ್ದರೂ "ಮಾರಂಗಿಲ್ಲ! ಮಾರಂಗಿಲ್ಲ!" ಎನ್ನುತ್ತಿದ್ದರು. ಶಕುಂತಲಾ ಮೇಜು ದಾಟಿ ಅಂಗಳಕ್ಕೆ ಓಡಿದಳು. ಕಸ್ತೂರಿಗೆ ಬೇಸರವಾಗಿದ್ದೀತೆಂಬ ಆತಂಕ ಅವಳಿಗೆ. ಅಂಥ ಹಾರಿಕೆ, ಊರೆಲ್ಲ ನೋಡುತ್ತಿರುವಾಗ, ಬರಿಗೈಯಲ್ಲಿ ಇಳಿದದ್ದು.

ಕಸ್ತೂರಿ ಆಗಲೇ ಮಾಬೂಬಿಯ ರಟ್ಟೆ ಹಿಡಿದು ನಿಲ್ಲಿಸಿಕೊಂಡಿದ್ದಳು. "ಅಷ್ಟ ಹಾರಿದ್ನಲ್ಲ ಬೇ. ನನ್ನ ಕಾಲು ಬೇಕು ಅನ್ನಲಿಲ್ಲೇನು?"

"ಅಂದ್ವು ಯಕ್ಕಾ. ಆದ್ರ ನಿನ್ನ ಮುಂದ ಮೂರು ಮಂದಿ ಎದ್ದಿದ್ರು."

"ಮೂರು ಮಂದಿ?"

"ಮೂರೂ ಮಂದಿ. ನಿನ್ನ ಒಬ್ಬಾಕಿ ಸಲುವಾಗಿ."

ಕಸ್ತೂರಿ ರಟ್ಟೆ ಬಿಟ್ಟಳು. ಬಲೆಯತ್ತ ತಿರುಗಿ, ಆ ಮೂವರು ಇನ್ನೂ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಜಾಗವನ್ನು ಒಮ್ಮೆ ನೋಡಿದಳು. ಆಮೇಲೆ ಎದೆಯುಬ್ಬಿಸಿ ಮೊದಲು ಮಾಸ್ತರರ ಬಳಿಗೆ, ಅಲ್ಲಿಂದ ಮಾಲೀಕರ ಬಳಿಗೆ, ಅಲ್ಲಿಂದ ಮುಂದಿನ ಸಾಲಿನಲ್ಲಿ ಇಳಕಲ್ಲ ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ, ತಾನೆಂದೂ ಕಾಣದ ಮುದುಕಿಯ ಬಳಿಗೂ ಹೋಗಿ ಹೇಳತೊಡಗಿದಳು:

"ನೋಡಿದ್ರೇನಬೇ ಯಮ್ಮಾ? ನನ್ನ ಒಬ್ಬಾಕಿ ಸಲುವಾಗಿ ಮೂರು ಮಂದಿ!"